ಜರ್ಮನಿಯಲ್ಲಿ ತಾತ್ಕಾಲಿಕ ಕರಾರಿನ ವಿದೇಶಿ ಸಂಶೋಧಕರು: ನಿರುದ್ಯೋಗ ಭತ್ಯೆಗೆ ಅರ್ಹರು ಯಾರು?

ಮಗ ಜರ್ಮನಿಯಲ್ಲಿ ಸಂಶೋಧಕನಾಗಿದ್ದಾನೆ, ಮಗಳು ಅಲ್ಲಿನ ವಿಶ್ವವಿದ್ಯಾನಿಲಯವೊಂದರಲ್ಲಿ ಡಾಕ್ಟರೇಟ್ ಪದವಿಗೆ ಅಭ್ಯಾಸ ಮಾಡುತ್ತಿದ್ದಾಳೆ ಎಂಬುದು ಕರ್ನಾಟಕದ ವರ್ತಕ ಹಾಗೂ ಸಣ್ಣ ಉದ್ಯಮಿಗಳ ಕುಟುಂಬಗಳಲ್ಲಿ ಈಗ ಅಪರೂಪದ ಮಾತಲ್ಲ. 2007ರಲ್ಲಿ ಕರ್ನಾಟಕ ಮತ್ತು ಜರ್ಮನಿಯ ಬವೇರಿಯಾ ರಾಜ್ಯಗಳ ನಡುವೆ ಸಹಭಾಗಿತ್ವ ಏರ್ಪಟ್ಟಿತು. ಯಂತ್ರೋಪಕರಣಗಳ ವ್ಯಾಪಾರದ ಜೊತೆಯಲ್ಲಿಯೇ ವಿದ್ಯಾರ್ಥಿಗಳು ಹಾಗೂ ಸಂಶೋಧಕರ ಸಂಚಾರವೂ ಬೆಳೆಯಿತು. ಆದರೆ ಅಲ್ಲಿ ದೊರೆಯುವ ಸಂಶೋಧನಾ ಹುದ್ದೆಗಳಲ್ಲಿ ಬಹುಪಾಲು ಒಂದು, ಎರಡು ಅಥವಾ ಮೂರು ವರ್ಷಗಳ ಕರಾರಿನವು. ಕರಾರಿನ ಕೊನೆಯ ದಿನ ಬಂದಾಗ ಮುಂದಿನ ಹುದ್ದೆ ಕೈಯಲ್ಲಿ ಇಲ್ಲದಿದ್ದರೆ ಮನೆ ಬಾಡಿಗೆ, ಆರೋಗ್ಯ ವಿಮೆ, ವಾಸದ ಪರವಾನಗಿ ಈ ಮೂರೂ ಏಕಕಾಲದಲ್ಲಿ ಪ್ರಶ್ನೆಯಾಗುತ್ತವೆ.

ಇಂತಹ ಸಂದರ್ಭದಲ್ಲಿ ಜರ್ಮನಿಯ ಕಾನೂನು ಕೊಡುವ ನಿರುದ್ಯೋಗ ಭತ್ಯೆ ವಿದೇಶಿಯರಿಗೂ ಸಲ್ಲುತ್ತದೆಯೇ? ಭತ್ಯೆ ಪಡೆದರೆ ವೀಸಾಕ್ಕೆ ತೊಂದರೆಯಾಗುವುದೇ? ಈ ಎರಡು ಪ್ರಶ್ನೆಗಳ ಬಗ್ಗೆ ಹಲವು ತಪ್ಪು ಕಲ್ಪನೆಗಳಿವೆ. "ಅದು ಅಲ್ಲಿನ ಪ್ರಜೆಗಳಿಗೆ ಮಾತ್ರ" ಎಂದು ಅರ್ಜಿಯನ್ನೇ ಸಲ್ಲಿಸದವರು ಇರುವಂತೆಯೇ, "ಎರಡು ವರ್ಷ ಅಲ್ಲಿದ್ದೇನೆ, ತಾನಾಗಿಯೇ ಸಿಗುತ್ತದೆ" ಎಂದು ನಂಬಿ ಕಡೆಗೆ ಬರಿಗೈಯಲ್ಲಿ ಉಳಿಯುವವರೂ ಇದ್ದಾರೆ. ಎರಡೂ ಸರಿಯಲ್ಲ. ಕಾನೂನು ನೋಡುವುದು ರಾಷ್ಟ್ರೀಯತೆಯನ್ನಲ್ಲ. ಮೂರು ವಿಷಯಗಳನ್ನು: ವಂತಿಗೆ ಕಟ್ಟಲಾಗಿದೆಯೇ, ಸಕಾಲದಲ್ಲಿ ನೋಂದಣಿಯಾಗಿದೆಯೇ, ಮತ್ತೆ ಕೆಲಸ ಮಾಡಲು ಕಾನೂನುಬದ್ಧ ಅನುಮತಿ ಇದೆಯೇ. ಈ ಮೂರನ್ನು ಕ್ರಮವಾಗಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಮೆ ಬೇರೆ, ಸಹಾಯಧನ ಬೇರೆ

ಜರ್ಮನಿಯಲ್ಲಿ ಕೆಲಸವಿಲ್ಲದವರಿಗೆ ಎರಡು ಬಗೆಯ ನೆರವು ಇದೆ. ಇವುಗಳ ವ್ಯತ್ಯಾಸವನ್ನು ಮೊದಲು ಗ್ರಹಿಸಬೇಕು.

ಒಂದನೆಯದು ನಿರುದ್ಯೋಗ ವಿಮೆಯ ಭತ್ಯೆ. ಜರ್ಮನ್ ಭಾಷೆಯಲ್ಲಿ ಇದಕ್ಕೆ 'ಆರ್ಬೈಟ್ಸ್‌ಲೋಸನ್‌ಗೆಲ್ಟ್' ಎಂದು ಹೆಸರು. 1927ರ ಕಾನೂನಿನಿಂದ ಆರಂಭವಾದ ಈ ವ್ಯವಸ್ಥೆ ಇಂದು ಸಾಮಾಜಿಕ ಸಂಹಿತೆಯ ಮೂರನೆಯ ಗ್ರಂಥದ ಅಡಿಯಲ್ಲಿ ನಡೆಯುತ್ತಿದೆ. ನೌಕರ ಮತ್ತು ಮಾಲೀಕ ಇಬ್ಬರೂ ಪ್ರತಿ ತಿಂಗಳು ವಂತಿಗೆ ಕಟ್ಟುತ್ತಾರೆ. ಕೆಲಸ ಹೋದಾಗ ಆ ನಿಧಿಯಿಂದ ಭತ್ಯೆ ಸಿಗುತ್ತದೆ.

ಎರಡನೆಯದು ತೆರಿಗೆ ಹಣದಿಂದ ಕೊಡುವ ಜೀವನಾಧಾರದ ಸಹಾಯಧನ. 2005ರಿಂದ 2022ರವರೆಗೆ ಇದು ಎರಡನೆಯ ವರ್ಗದ ನಿರುದ್ಯೋಗ ಭತ್ಯೆ ಎನಿಸಿಕೊಂಡಿತ್ತು. 2023ರಲ್ಲಿ 'ಬ್ಯೂರ್ಗರ್‌ಗೆಲ್ಟ್' ಎಂಬ ಹೊಸ ಹೆಸರು ಬಂದಿತು. ಇದನ್ನು ಪಡೆಯಲು ವಂತಿಗೆ ಕಟ್ಟಿರಬೇಕಾಗಿಲ್ಲ, ಆದರೆ ಆಸ್ತಿ-ಆದಾಯಗಳ ತಪಾಸಣೆ ಉಂಟು. ಕೇವಲ ಉದ್ಯೋಗ ಹುಡುಕುವ ಸಲುವಾಗಿ ವಾಸದ ಪರವಾನಗಿ ಪಡೆದಿರುವ ವಿದೇಶಿಯರನ್ನು ಇದರಿಂದ ಹೊರಗಿಡಲಾಗಿದೆ.

ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದು ಗೋದಾಮಿಗೆ ಮಾಡಿಸಿದ ಅಗ್ನಿವಿಮೆಯ ಕ್ಲೇಮು, ಎರಡನೆಯದು ಸರ್ಕಾರ ಕೊಡುವ ಪರಿಹಾರ. ವಿಮಾ ಕಂಪನಿ ಕ್ಲೇಮು ಪರಿಶೀಲಿಸುವಾಗ ಮಾಲೀಕ ಯಾವ ಊರಿನವನೆಂದು ಕೇಳುವುದಿಲ್ಲ. ಪ್ರೀಮಿಯಂ ಕಟ್ಟಿದ್ದಾನೆಯೇ, ಷರತ್ತು ಪಾಲಿಸಿದ್ದಾನೆಯೇ ಎಂದು ಕೇಳುತ್ತದೆ. ಭಾರತೀಯ ಸಂಶೋಧಕನ ಮಟ್ಟಿಗೂ ಇದೇ ನಿಯಮ. ಮುಂದೆ ಈ ಲೇಖನದಲ್ಲಿ 'ಭತ್ಯೆ' ಎಂದಾಗಲೆಲ್ಲ ವಿಮೆಯ ಭತ್ಯೆ ಎಂದೇ ಅರ್ಥ.

ಕರಾರುಗಳು ತಾತ್ಕಾಲಿಕವಾಗಿರುವುದು ಏಕೆ?

ಜರ್ಮನಿಯ ವಿಶ್ವವಿದ್ಯಾನಿಲಯಗಳಲ್ಲಿ ಪ್ರಾಧ್ಯಾಪಕ ಹುದ್ದೆಯ ಕೆಳಗಿನ ಸಂಶೋಧಕರನ್ನು ನಿಗದಿತ ಅವಧಿಗೆ ನೇಮಿಸಿಕೊಳ್ಳಲು 2007ರಲ್ಲಿ ಒಂದು ವಿಶೇಷ ಕಾನೂನು ಬಂದಿತು. ಅದರ ಪ್ರಕಾರ ಡಾಕ್ಟರೇಟ್ ಪೂರ್ವದಲ್ಲಿ 6 ವರ್ಷ, ಡಾಕ್ಟರೇಟ್ ನಂತರ ಮತ್ತೆ 6 ವರ್ಷ, ವೈದ್ಯಕೀಯ ವಿಭಾಗದಲ್ಲಾದರೆ 9 ವರ್ಷ, ತಾತ್ಕಾಲಿಕ ಕರಾರುಗಳ ಮೇಲೆ ದುಡಿಸಿಕೊಳ್ಳಬಹುದು. ಹೊರಗಿನ ಅನುದಾನದಿಂದ ನಡೆಯುವ ಯೋಜನೆಗಳಲ್ಲಿ ಅನುದಾನದ ಅವಧಿಗೆ ತಕ್ಕಂತೆ ಪ್ರತ್ಯೇಕ ಕರಾರು ಮಾಡಿಕೊಳ್ಳಲೂ ಅವಕಾಶವಿದೆ. 2016ರಲ್ಲಿ ತಿದ್ದುಪಡಿಯಾಯಿತು. 2021ರಲ್ಲಿ ಅಲ್ಲಿನ ಸಂಶೋಧಕರು ಈ ಪದ್ಧತಿಯ ವಿರುದ್ಧ ದೊಡ್ಡ ಪ್ರಮಾಣದಲ್ಲಿ ದನಿಯೆತ್ತಿದರು.

ಎರಡು ಕರಾರುಗಳ ನಡುವೆ ಕೆಲವು ತಿಂಗಳು ಕೆಲಸವಿಲ್ಲದೆ ಉಳಿಯುವುದು ಯೋಗ್ಯತೆಯ ಕೊರತೆಯಿಂದಲ್ಲ, ಪದ್ಧತಿಯ ಸ್ವರೂಪದಿಂದ ಎಂಬುದನ್ನು ಇದರಿಂದ ತಿಳಿಯಬಹುದು. ಆದ್ದರಿಂದ ಭತ್ಯೆಗೆ ಅರ್ಜಿ ಹಾಕುವುದರಲ್ಲಿ ಸಂಕೋಚಪಡಬೇಕಾದ್ದೇನೂ ಇಲ್ಲ.

ಮೊದಲನೆಯ ಷರತ್ತು: ವಂತಿಗೆ

ನಿರುದ್ಯೋಗ ವಿಮೆಯ ವಂತಿಗೆ 2006ರಲ್ಲಿ ಒಟ್ಟು ಸಂಬಳದ ಶೇ. 6.5ರಷ್ಟಿತ್ತು. ಹಲವು ಬದಲಾವಣೆಗಳ ನಂತರ 2023ರಿಂದ ಅದು ಶೇ. 2.6 ಆಗಿದೆ. ಇದರಲ್ಲಿ ಅರ್ಧ, ಅಂದರೆ ಶೇ. 1.3, ನೌಕರನ ಸಂಬಳದಿಂದ ಕಡಿತವಾಗುತ್ತದೆ. ಉಳಿದ ಅರ್ಧವನ್ನು ಮಾಲೀಕ ಸಂಸ್ಥೆ ಭರಿಸುತ್ತದೆ. ವಿಶ್ವವಿದ್ಯಾನಿಲಯ ನೌಕರರಾಗಿ ನೇಮಕಗೊಂಡ ಸಂಶೋಧಕರಿಗೆ, ಅರೆಕಾಲಿಕ ಕರಾರಿನ ಡಾಕ್ಟರೇಟ್ ಅಭ್ಯರ್ಥಿಗಳಿಗೂ ಸಹ, ಈ ಕಡಿತ ಕಡ್ಡಾಯ. ಸಂಬಳದ ಚೀಟಿಯಲ್ಲಿ 'ಎ.ವಿ.' ಎಂಬ ಎರಡಕ್ಷರದ ಶೀರ್ಷಿಕೆಯ ಎದುರು ಈ ಮೊತ್ತ ನಮೂದಾಗಿರುತ್ತದೆ. ಆ ಸಾಲು ಇದ್ದರೆ ವಿಮೆ ಇದೆ. ಇಲ್ಲದಿದ್ದರೆ ಸಂಸ್ಥೆಯಲ್ಲಿ ಕೂಡಲೇ ಕಾರಣ ವಿಚಾರಿಸಬೇಕು.

ಕೆಳಕಂಡವರಿಗೆ ಈ ವಿಮೆ ಅನ್ವಯಿಸುವುದಿಲ್ಲ:

1. ಫೆಲೋಷಿಪ್ ಅಥವಾ ಶಿಷ್ಯವೇತನ ಪಡೆಯುವವರು. ಹುಂಬೋಲ್ಟ್ ಪ್ರತಿಷ್ಠಾನದ ಸಂಶೋಧನಾ ಫೆಲೋಷಿಪ್, ಜರ್ಮನ್ ಶೈಕ್ಷಣಿಕ ವಿನಿಮಯ ಸೇವೆಯ ಶಿಷ್ಯವೇತನ ಮೊದಲಾದವು ಉದ್ಯೋಗ ಸಂಬಂಧವನ್ನು ಸೃಷ್ಟಿಸುವುದಿಲ್ಲ. ಹಣ ತಿಂಗಳು ತಿಂಗಳು ಬ್ಯಾಂಕಿಗೆ ಬಂದರೂ ಅದು ಸಂಬಳವಲ್ಲ, ಅದರಿಂದ ವಂತಿಗೆಯೂ ಹೋಗುವುದಿಲ್ಲ.

2. ತಾತ್ಕಾಲಿಕವಾಗಿ ಸರ್ಕಾರಿ ಅಧಿಕಾರಿಯ ದರ್ಜೆಯಲ್ಲಿ ನೇಮಕಗೊಂಡವರು. ಕೆಲವು ಕಿರಿಯ ಪ್ರಾಧ್ಯಾಪಕ ಹುದ್ದೆಗಳು ಈ ಬಗೆಯವು. ಹುದ್ದೆ ಗೌರವದ್ದಾದರೂ ನಿರುದ್ಯೋಗ ವಿಮೆ ಇರುವುದಿಲ್ಲ.

3. ಗಂಟೆ ಲೆಕ್ಕದಲ್ಲಿ ಪಾಠ ಹೇಳುವ ಅತಿಥಿ ಬೋಧಕರು. ಇವರನ್ನು ಸಾಮಾನ್ಯವಾಗಿ ಸ್ವತಂತ್ರ ವೃತ್ತಿಯವರೆಂದು ಪರಿಗಣಿಸಲಾಗಿದೆ.

4. ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದು ಜೊತೆಗೆ ಕೆಲಸ ಮಾಡುವವರು, ಮತ್ತು ಕಾನೂನು ನಿಗದಿಪಡಿಸಿದ ಅಲ್ಪ ಸಂಬಳದ ಮಿತಿಯೊಳಗಿನ ಕಿರು ಉದ್ಯೋಗದವರು.

5. ಭಾರತದ ಸಂಸ್ಥೆಯಿಂದಲೇ ಸಂಬಳ ಪಡೆದು ನಿಗದಿತ ಅವಧಿಗೆ ಜರ್ಮನಿಗೆ ನಿಯೋಜಿತರಾದವರು. ತಮ್ಮ ತಂತ್ರಜ್ಞರನ್ನು ಅಲ್ಲಿಗೆ ಕಳುಹಿಸುವ ಉದ್ಯಮಿಗಳು ಇದನ್ನು ಗಮನಿಸಬೇಕು.

ಒಂದೇ ಪ್ರಯೋಗಾಲಯದಲ್ಲಿ ಅಕ್ಕಪಕ್ಕ ಕುಳಿತು ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರಿಗೆ ಭತ್ಯೆಯ ಹಕ್ಕು ಇದ್ದು ಮತ್ತೊಬ್ಬರಿಗೆ ಇಲ್ಲದಿರುವುದಕ್ಕೆ ಮೊದಲ ಅಂಶವೇ ಕಾರಣ. ಮ್ಯಾಕ್ಸ್ ಪ್ಲಾಂಕ್ ಸೊಸೈಟಿ 2015ರಲ್ಲಿ ತನ್ನ ಡಾಕ್ಟರೇಟ್ ಅಭ್ಯರ್ಥಿಗಳಿಗೆ ಶಿಷ್ಯವೇತನದ ಬದಲು ಸಾಮಾಜಿಕ ವಿಮೆ ಸಹಿತವಾದ ಕರಾರು ಕೊಡುವ ಪದ್ಧತಿಗೆ ಬದಲಾಯಿಸಿತು. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಯೋಜನೆಯ ಫೆಲೋಗಳನ್ನು ಸಾಮಾನ್ಯವಾಗಿ ಉದ್ಯೋಗ ಕರಾರಿನ ಮೇಲೆಯೇ ನೇಮಿಸಿಕೊಳ್ಳಬೇಕು. ಆದ್ದರಿಂದ 'ಫೆಲೋ' ಎಂಬ ಹೆಸರನ್ನು ನೋಡಿ ನಿರ್ಧರಿಸಲಾಗದು. ಕಾಗದದ ಒಳಗಿನ ಒಕ್ಕಣೆಯನ್ನು ನೋಡಬೇಕು.

12 ತಿಂಗಳು ಮತ್ತು 30 ತಿಂಗಳು

ನಿರುದ್ಯೋಗಿಯಾಗಿ ನೋಂದಾಯಿಸಿಕೊಂಡ ದಿನದಿಂದ ಹಿಂದಕ್ಕೆ 30 ತಿಂಗಳುಗಳನ್ನು ಎಣಿಸಿದಾಗ, ಅದರೊಳಗೆ ಕನಿಷ್ಠ 12 ತಿಂಗಳು ವಂತಿಗೆ ಕಟ್ಟಿದ ಉದ್ಯೋಗ ಇರಬೇಕು. ತಿಂಗಳಿಗೆ 30 ದಿನದಂತೆ ಇದು 360 ದಿನಗಳು. 2019ರ ಅಂತ್ಯದವರೆಗೆ ಎಣಿಕೆಯ ಅವಧಿ 24 ತಿಂಗಳಿತ್ತು. 2020ರ ಜನವರಿ 1ರಿಂದ ಅದನ್ನು 30 ತಿಂಗಳಿಗೆ ಹೆಚ್ಚಿಸಲಾಯಿತು. 12 ತಿಂಗಳು ಒಂದೇ ಕರಾರಿನಲ್ಲಿ ಇರಬೇಕೆಂದಿಲ್ಲ. ಹಲವು ಸಣ್ಣ ಕರಾರುಗಳನ್ನು ಕೂಡಿಸಬಹುದು.

ಭಾರತದಲ್ಲಿ ದುಡಿದ ಅವಧಿ ಇದಕ್ಕೆ ಸೇರುವುದಿಲ್ಲ. ಭಾರತ ಮತ್ತು ಜರ್ಮನಿಯ ನಡುವೆ 2011ರಲ್ಲಿ ಸಹಿಯಾಗಿ 2017ರ ಮೇ 1ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಒಪ್ಪಂದದಲ್ಲಿ ಪಿಂಚಣಿಯ ಅರ್ಹತೆಗಾಗಿ ಎರಡೂ ದೇಶಗಳ ಅವಧಿಯನ್ನು ಕೂಡಿಸುವ ಏರ್ಪಾಡು ಇದೆ. ನಿರುದ್ಯೋಗ ಭತ್ಯೆಯ 12 ತಿಂಗಳಿಗೆ ಈ ಅನುಕೂಲವಿಲ್ಲ. ಯುರೋಪಿಯನ್ ಒಕ್ಕೂಟದ ಇತರ ದೇಶಗಳಲ್ಲಿ ವಿಮೆಯೊಂದಿಗೆ ದುಡಿದ ಅವಧಿಯನ್ನು ಮಾತ್ರ ನಿರ್ದಿಷ್ಟ ಷರತ್ತುಗಳ ಮೇಲೆ ಸೇರಿಸಿಕೊಳ್ಳಲಾಗುತ್ತದೆ. ಅದಕ್ಕಾಗಿ ಆ ದೇಶದಿಂದ 'ಯು-1' ಎಂಬ ಪ್ರಮಾಣಪತ್ರ ತರಬೇಕು.

ಭತ್ಯೆ ಎಷ್ಟು, ಎಷ್ಟು ಕಾಲ?

ಭತ್ಯೆಯ ದರ, ಕಾನೂನಿನ ಸೂತ್ರದಂತೆ ಲೆಕ್ಕ ಹಾಕಿದ ನಿವ್ವಳ ಸಂಬಳದ ಶೇ. 60. ಮಗುವಿದ್ದರೆ ಶೇ. 67. 50 ವರ್ಷದೊಳಗಿನವರಿಗೆ ಅವಧಿ ಈ ಕೆಳಕಂಡಂತಿದೆ:

12 ತಿಂಗಳ ವಂತಿಗೆಗೆ – 6 ತಿಂಗಳ ಭತ್ಯೆ
16 ತಿಂಗಳ ವಂತಿಗೆಗೆ – 8 ತಿಂಗಳ ಭತ್ಯೆ
20 ತಿಂಗಳ ವಂತಿಗೆಗೆ – 10 ತಿಂಗಳ ಭತ್ಯೆ
24 ತಿಂಗಳ ವಂತಿಗೆಗೆ – 12 ತಿಂಗಳ ಭತ್ಯೆ

ಅರ್ಹತೆ ಒಮ್ಮೆ ಸಿದ್ಧಿಸಿದ ಮೇಲೆ, ಭತ್ಯೆಯ ಅವಧಿಯನ್ನು ನಿರ್ಧರಿಸಲು ಹಿಂದಿನ 5 ವರ್ಷಗಳ ವಂತಿಗೆಯನ್ನು ಪರಿಗಣಿಸಲಾಗುತ್ತದೆ.

ಉದಾಹರಣೆಗೆ, ತಿಂಗಳಿಗೆ 4,500 ಯೂರೋ ಒಟ್ಟು ಸಂಬಳದ ಅವಿವಾಹಿತ ಸಂಶೋಧಕನೊಬ್ಬನನ್ನು ಊಹಿಸಿಕೊಳ್ಳೋಣ. ಭತ್ಯೆಯ ಲೆಕ್ಕಕ್ಕೆ ಅವನ ನಿವ್ವಳ ಸಂಬಳ 2,800 ಯೂರೋ ಎಂದಿಟ್ಟುಕೊಳ್ಳೋಣ. ಅವನ ಪಾಲಿನ ವಂತಿಗೆ ತಿಂಗಳಿಗೆ 58.50 ಯೂರೋ, ಎರಡು ವರ್ಷಕ್ಕೆ 1,404 ಯೂರೋ. ಸಂಸ್ಥೆಯ ಪಾಲೂ ಅಷ್ಟೇ. ಕೆಲಸ ಮುಗಿದ ಮೇಲೆ ಭತ್ಯೆ ತಿಂಗಳಿಗೆ 1,680 ಯೂರೋ. 12 ತಿಂಗಳಿಗೆ 20,160 ಯೂರೋ. ಮಗುವಿದ್ದರೆ ತಿಂಗಳಿಗೆ 1,876 ಯೂರೋ.

ಇದೇ ವ್ಯಕ್ತಿಯ ಕರಾರು 18 ತಿಂಗಳದ್ದಾಗಿದ್ದರೆ 16 ತಿಂಗಳ ಹಂತಕ್ಕೆ ಸೇರಿ 8 ತಿಂಗಳು, ಅಂದರೆ 13,440 ಯೂರೋ ದೊರೆಯುತ್ತದೆ. ಕರಾರು 11 ತಿಂಗಳದ್ದಾಗಿದ್ದು ಹಿಂದೆ ಬೇರೆ ವಂತಿಗೆ ಇಲ್ಲದಿದ್ದರೆ ಏನೂ ಇಲ್ಲ. ಒಂದು ತಿಂಗಳ ವಿಸ್ತರಣೆ ದೊರೆತು 12 ತಿಂಗಳು ತುಂಬಿದರೆ 6 ತಿಂಗಳ ಭತ್ಯೆ, ಅಂದರೆ 10,080 ಯೂರೋಗೆ ಹಕ್ಕು ಹುಟ್ಟುತ್ತದೆ. ಆ ಒಂದು ತಿಂಗಳಿಗೆ ಅವನ ಪಾಲಿನ ವಂತಿಗೆ ಕೇವಲ 58.50 ಯೂರೋ. ಕರಾರಿನ ಅವಧಿಯ ಬಗ್ಗೆ ಪ್ರಾಧ್ಯಾಪಕರೊಡನೆ ಮಾತನಾಡುವಾಗ ಈ ಲೆಕ್ಕ ನೆನಪಿನಲ್ಲಿರಬೇಕು.

ಭತ್ಯೆ ಪಡೆಯುವ ಕಾಲದಲ್ಲಿ ಆರೋಗ್ಯ ವಿಮೆಯ ವಂತಿಗೆಯನ್ನು ಉದ್ಯೋಗ ಕಚೇರಿಯೇ ಭರಿಸುತ್ತದೆ ಎಂಬುದು ಮತ್ತೊಂದು ದೊಡ್ಡ ಅನುಕೂಲ. ವಾರಕ್ಕೆ 15 ಗಂಟೆಗಿಂತ ಕಡಿಮೆ ಕೆಲಸ ಮಾಡಲು ಅವಕಾಶವಿದೆ. ಅದರಿಂದ ಬರುವ ನಿವ್ವಳ ಆದಾಯದಲ್ಲಿ ತಿಂಗಳಿಗೆ 165 ಯೂರೋವರೆಗೆ ವಿನಾಯಿತಿ ಉಂಟು. ಹೆಚ್ಚಿನದನ್ನು ಭತ್ಯೆಯಿಂದ ಕಳೆಯಲಾಗುತ್ತದೆ. ಭತ್ಯೆಗೆ ಜರ್ಮನಿಯಲ್ಲಿ ಆದಾಯ ತೆರಿಗೆ ಇಲ್ಲ. ಆದರೆ ಅದೇ ವರ್ಷದ ಇತರ ಆದಾಯಕ್ಕೆ ಅನ್ವಯಿಸುವ ತೆರಿಗೆಯ ದರವನ್ನು ನಿರ್ಧರಿಸುವಾಗ ಈ ಮೊತ್ತವನ್ನು ಸೇರಿಸಿ ನೋಡುತ್ತಾರೆ.

ಮೊದಲು ಯಾವುದು: ಕರಾರೋ, ಫೆಲೋಷಿಪ್ಪೋ?

ಕರಾರು ಮತ್ತು ಫೆಲೋಷಿಪ್ ಎರಡನ್ನೂ ಒಂದರ ನಂತರ ಒಂದು ಪಡೆಯುವವರು ಹಲವರು. ಇಲ್ಲಿ ಅನುಕ್ರಮಕ್ಕೆ ಬಹಳ ಮಹತ್ವವಿದೆ.

ಒಬ್ಬರು ಮೊದಲು 2 ವರ್ಷ ಫೆಲೋಷಿಪ್, ನಂತರ 1 ವರ್ಷ ಕರಾರಿನಲ್ಲಿ ಇದ್ದರೆ, ಕಡೆಯ 30 ತಿಂಗಳಲ್ಲಿ 12 ತಿಂಗಳ ವಂತಿಗೆ ಸಿಗುತ್ತದೆ. 6 ತಿಂಗಳ ಭತ್ಯೆ ಉಂಟು. ಮತ್ತೊಬ್ಬರು ಮೊದಲು 2 ವರ್ಷ ಕರಾರು, ನಂತರ ಬಿಡುವಿಲ್ಲದೆ 2 ವರ್ಷ ಫೆಲೋಷಿಪ್ ಪಡೆದರು ಎನ್ನೋಣ. ಅವರು ಕಟ್ಟಿದ ವಂತಿಗೆ ಹಿಂದಿನವರ ಎರಡರಷ್ಟು. ಆದರೂ ಕಡೆಯ 30 ತಿಂಗಳನ್ನು ಎಣಿಸಿದಾಗ 24 ತಿಂಗಳು ಫೆಲೋಷಿಪ್‌ಗೆ ಹೋಗಿ, ವಂತಿಗೆಯ ತಿಂಗಳು ಕೇವಲ 6 ಉಳಿಯುತ್ತವೆ. ಭತ್ಯೆ ಇಲ್ಲ.

ಇದಕ್ಕೆ ಒಂದು ಪರಿಹಾರವನ್ನು ಕಾನೂನೇ ಕೊಟ್ಟಿದೆ. ಕರಾರು ಮುಗಿದು ಫೆಲೋಷಿಪ್ ಆರಂಭವಾಗುವ ಮುನ್ನ ನಿಜವಾಗಿಯೂ ಕೆಲಸವಿಲ್ಲದ ಅವಧಿ ಇದ್ದು, ಆಗಲೇ ನಿರುದ್ಯೋಗಿಯಾಗಿ ನೋಂದಾಯಿಸಿ ಭತ್ಯೆಯ ಹಕ್ಕು ಮಂಜೂರಾಗಿದ್ದರೆ, ಬಳಸದೆ ಉಳಿದ ಭಾಗವನ್ನು ಹಕ್ಕು ಹುಟ್ಟಿದ ದಿನದಿಂದ 4 ವರ್ಷಗಳೊಳಗೆ ಮತ್ತೆ ಪಡೆಯಬಹುದು. ಕೆಲವೇ ದಿನಗಳ ಬಿಡುವಾದರೂ ನೋಂದಣಿ ಮಾಡಿಸುವುದು ಜಾಣತನ. ವ್ಯಾಪಾರಿಗಳಿಗೆ ಪರಿಚಿತವಾದ, ಹಿಂದಿನ ವರ್ಷದ ನಷ್ಟವನ್ನು ಮುಂದಕ್ಕೆ ಒಯ್ಯುವ ಪದ್ಧತಿಯಲ್ಲಿ, ಕಾಲಮಿತಿಯೊಳಗೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ ಆ ಅವಕಾಶ ಇರುವಂತೆಯೇ ಇದು.

ಎರಡನೆಯ ಷರತ್ತು: ಸಕಾಲಿಕ ನೋಂದಣಿ

ಇಲ್ಲಿ ಎರಡು ಪ್ರತ್ಯೇಕ ನೋಂದಣಿಗಳಿವೆ. ಎರಡೂ ಒಂದೇ ಎಂದು ಭಾವಿಸಿ ಒಂದನ್ನು ಮರೆಯುವವರು ಹಲವರು.

ಮೊದಲನೆಯದು, ಉದ್ಯೋಗ ಹುಡುಕುತ್ತಿರುವವರೆಂಬ ನೋಂದಣಿ. ಕರಾರು ಮುಗಿಯುವ ಕನಿಷ್ಠ 3 ತಿಂಗಳು ಮೊದಲು ಇದನ್ನು ಮಾಡಿಸಬೇಕು. ಕೆಲಸ ಹೋಗುವ ಸಂಗತಿ ತಿಳಿದದ್ದೇ ತಡವಾಗಿದ್ದರೆ, ತಿಳಿದ 3 ದಿನಗಳೊಳಗೆ ಮಾಡಿಸಬೇಕು. ತಾತ್ಕಾಲಿಕ ಕರಾರಿನವರು ವಿಶೇಷವಾಗಿ ಎಚ್ಚರದಿಂದಿರಬೇಕಾದ್ದು ಇಲ್ಲಿಯೇ. ಅವರಿಗೆ ಕೆಲಸದಿಂದ ತೆಗೆದುಹಾಕುವ ನೋಟೀಸು ಬರುವುದಿಲ್ಲ. ಕೊನೆಯ ದಿನಾಂಕ ಕರಾರಿನಲ್ಲಿ ಮೊದಲೇ ಬರೆದಿರುತ್ತದೆ. "ಪ್ರಾಧ್ಯಾಪಕರು ವಿಸ್ತರಿಸುವುದಾಗಿ ಬಾಯಿಮಾತಿನಲ್ಲಿ ಹೇಳಿದ್ದರು" ಎಂಬ ಕಾರಣಕ್ಕೆ ಈ ಕರ್ತವ್ಯ ತಪ್ಪುವುದಿಲ್ಲ. ತಡವಾದರೆ ಒಂದು ವಾರದ ಭತ್ಯೆ ತಡೆಹಿಡಿಯಲಾಗುತ್ತದೆ.

ಎರಡನೆಯದು, ನಿರುದ್ಯೋಗಿಯೆಂಬ ನೋಂದಣಿ. ಇದನ್ನು ಕೆಲಸವಿಲ್ಲದ ಮೊದಲ ದಿನಕ್ಕೆ ತಡವಾಗದಂತೆ ಮಾಡಿಸಬೇಕು. 2022ರಿಂದ ಕಚೇರಿಗೆ ಖುದ್ದಾಗಿ ಹೋಗಿ ಅಥವಾ ವಿದ್ಯುನ್ಮಾನ ಗುರುತಿನ ಮೂಲಕ ಅಂತರ್ಜಾಲದಲ್ಲಿ ಮಾಡಿಸಬಹುದು. ಇದಕ್ಕೂ ಮುಂಚಿನ ದಿನಗಳಿಗೆ ಭತ್ಯೆ ಸಿಗುವುದಿಲ್ಲ. ಕರಾರು ಮುಗಿದ ಮೇಲೆ ಎರಡು ತಿಂಗಳು ಊರಿಗೆ ಬಂದು ಹೋಗಿ ನಂತರ ಅರ್ಜಿ ಹಾಕಿದರೆ ಆ ಎರಡು ತಿಂಗಳಿಗೆ ಭತ್ಯೆ ಇಲ್ಲ.

ಕರಾರು ತನ್ನ ಅವಧಿ ಮುಗಿದು ಕೊನೆಗೊಂಡರೆ ನೌಕರನ ತಪ್ಪೇನೂ ಇಲ್ಲವಾದ್ದರಿಂದ ಭತ್ಯೆ ತಡೆಯಿಲ್ಲದೆ ಆರಂಭವಾಗುತ್ತದೆ. ಆದರೆ ಸಮರ್ಥನೀಯ ಕಾರಣವಿಲ್ಲದೆ ತಾನೇ ರಾಜೀನಾಮೆ ಕೊಟ್ಟರೆ ಅಥವಾ ಪರಸ್ಪರ ಒಪ್ಪಿಗೆಯ ಮೇಲೆ ಕರಾರನ್ನು ಮುರಿದುಕೊಂಡರೆ ಸಾಮಾನ್ಯವಾಗಿ 12 ವಾರಗಳ ತಡೆ ಬೀಳುತ್ತದೆ; ಒಟ್ಟು ಅವಧಿಯಲ್ಲಿಯೂ ಕನಿಷ್ಠ ಕಾಲು ಭಾಗ ಕಡಿತವಾಗುತ್ತದೆ. "ಇಬ್ಬರಿಗೂ ಅನುಕೂಲ" ಎಂದು ಸಂಸ್ಥೆ ಮುಂದಿಡುವ ಕಾಗದಕ್ಕೆ ಸಹಿ ಮಾಡುವ ಮುನ್ನ ಈ ನಷ್ಟವನ್ನು ಲೆಕ್ಕ ಹಾಕಬೇಕು.

ಮೂರನೆಯ ಷರತ್ತು: ವಾಸ ಮತ್ತು ಉದ್ಯೋಗದ ಅನುಮತಿ

ಜರ್ಮನ್ ಪ್ರಜೆಗೂ ಭಾರತೀಯನಿಗೂ ವ್ಯತ್ಯಾಸ ಬರುವುದು ಈ ಘಟ್ಟದಲ್ಲಿ. ಭತ್ಯೆ ಪಡೆಯುವವನು ವಾರಕ್ಕೆ ಕನಿಷ್ಠ 15 ಗಂಟೆಗಳ ಕೆಲಸವನ್ನು ಒಪ್ಪಿಕೊಳ್ಳಲು ಸಿದ್ಧನಿರಬೇಕು, ಹಾಗೆ ಮಾಡಲು ಅವನಿಗೆ ಕಾನೂನಿನ ಅಡ್ಡಿ ಇರಬಾರದು. ಪ್ರಜೆಗೆ ಈ ಪ್ರಶ್ನೆಯೇ ಏಳುವುದಿಲ್ಲ. ವಿದೇಶಿಯನಿಗೆ ವಾಸದ ಪರವಾನಗಿ ಮುಗಿದರೆ ಕೆಲಸದ ಅನುಮತಿ ಮುಗಿಯುತ್ತದೆ. ಅದರೊಂದಿಗೆ ಭತ್ಯೆಯೂ ನಿಲ್ಲುತ್ತದೆ. 12 ತಿಂಗಳ ಭತ್ಯೆಯ ಹಕ್ಕು ಇದ್ದೂ ಪರವಾನಗಿ ಮೂರೇ ತಿಂಗಳಿದ್ದರೆ, ಕಾಗದದ ಮೇಲಿನ ಹಕ್ಕು ಕೈಗೆ ಬಾರದೆ ಹೋಗಬಹುದು.

ಯುರೋಪಿಯನ್ ಒಕ್ಕೂಟದ 'ನೀಲಿ ಕಾರ್ಡ್' ಹೊಂದಿರುವವರ ಕರಾರು 4 ವರ್ಷಕ್ಕಿಂತ ಕಡಿಮೆಯಿದ್ದರೆ ಕಾರ್ಡನ್ನು ಕರಾರಿನ ಅವಧಿಗೆ 3 ತಿಂಗಳು ಸೇರಿಸಿ ಕೊಡಲಾಗುತ್ತದೆ. ಸಂಶೋಧಕರ ಪರವಾನಗಿ ಹೊಂದಿರುವವರು ಸಂಶೋಧನೆ ಮುಗಿದ ಮೇಲೆ ಉದ್ಯೋಗ ಹುಡುಕಲು 9 ತಿಂಗಳವರೆಗಿನ ಪ್ರತ್ಯೇಕ ಪರವಾನಗಿಗೆ ಅರ್ಜಿ ಹಾಕಬಹುದು. ಜರ್ಮನಿಯ ವಿಶ್ವವಿದ್ಯಾನಿಲಯದಲ್ಲಿಯೇ ಪದವಿ ಪಡೆದವರಿಗೆ ಇದು 18 ತಿಂಗಳವರೆಗೆ. ಈ ಪರವಾನಗಿಯ ಕಾಲದಲ್ಲಿ ಉದ್ಯೋಗ ಮಾಡಲು ಅನುಮತಿ ಇರುವುದರಿಂದ ಭತ್ಯೆಯ ಷರತ್ತೂ ಪೂರೈಕೆಯಾಗುತ್ತದೆ.

ಹಳೆಯ ಪರವಾನಗಿ ಮುಗಿಯುವ ಮುನ್ನವೇ ಹೊಸದಕ್ಕೆ ಅರ್ಜಿ ಸಲ್ಲಿಸಬೇಕು. ಹಾಗೆ ಸಲ್ಲಿಸಿದರೆ ತೀರ್ಮಾನವಾಗುವವರೆಗೆ ಹಳೆಯ ಪರವಾನಗಿಯೇ, ಕೆಲಸದ ಅನುಮತಿ ಸಹಿತ, ಮುಂದುವರಿದಂತೆ ಭಾವಿಸಲಾಗುತ್ತದೆ. ಒಂದು ದಿನ ತಡವಾದರೂ ಈ ರಕ್ಷಣೆ ಕೈತಪ್ಪುವ ಅಪಾಯವಿದೆ. ಕರಾರು ಅವಧಿಗೆ ಮುನ್ನವೇ ಮುರಿದುಬಿದ್ದರೆ ವಿದೇಶಿಯರ ಕಚೇರಿಗೆ 2 ವಾರಗಳೊಳಗೆ ತಿಳಿಸುವ ಕರ್ತವ್ಯವೂ ಉಂಟು.

ಭತ್ಯೆ ಪಡೆದರೆ ಪರವಾನಗಿಗೆ ಕುಂದು ಬರುವುದೇ? ಕಾನೂನಿನ ಉತ್ತರ ಸ್ಪಷ್ಟವಾಗಿದೆ. ವಿದೇಶಿಯನು ಸಾರ್ವಜನಿಕ ಹಣವನ್ನು ಅವಲಂಬಿಸದೆ ಜೀವನ ಸಾಗಿಸಬೇಕು ಎಂಬುದು ಸಾಮಾನ್ಯ ನಿಯಮ. ಆದರೆ ವಂತಿಗೆಯ ಆಧಾರದ ಮೇಲೆ ದೊರೆಯುವ ಹಣವನ್ನು ಈ ಲೆಕ್ಕದಿಂದ ಹೊರಗಿಡಲಾಗಿದೆ. ಅಂದರೆ ನಿರುದ್ಯೋಗ ವಿಮೆಯ ಭತ್ಯೆ ಆಕ್ಷೇಪಾರ್ಹವಲ್ಲ. ಅಷ್ಟೇ ಅಲ್ಲ, ಉದ್ಯೋಗ ಹುಡುಕುವ ಪರವಾನಗಿ ಕೇಳುವಾಗ ಜೀವನೋಪಾಯಕ್ಕೆ ಆಧಾರವಾಗಿ ಅದನ್ನೇ ತೋರಿಸಬಹುದು. ತೆರಿಗೆ ಹಣದ ಸಹಾಯಧನದ ವಿಷಯ ಹೀಗಲ್ಲ. ಅದು ಪರವಾನಗಿಯ ನವೀಕರಣಕ್ಕೆ ಅಡ್ಡಿಯಾಗಬಹುದು.

ಭಾರತಕ್ಕೆ ಮರಳಿದರೆ?

ಭತ್ಯೆ ಪಡೆಯುವವರು ಉದ್ಯೋಗ ಕಚೇರಿಯ ಕರೆಗೆ ಸಿಗುವಂತಿರಬೇಕು. ಕಚೇರಿಯ ಪೂರ್ವಾನುಮತಿ ಪಡೆದು ವರ್ಷಕ್ಕೆ 3 ವಾರಗಳವರೆಗೆ ಬೇರೆಡೆ ಹೋಗಿ ಬರಬಹುದು. ಮದುವೆ, ಹಬ್ಬಗಳಿಗೆ ಊರಿಗೆ ಬರುವವರು ಟಿಕೆಟ್ ಕಾದಿರಿಸುವ ಮೊದಲು ಈ ಅನುಮತಿ ಪಡೆಯಬೇಕು. ಹೇಳದೆ ಹೋದರೆ ಭತ್ಯೆ ನಿಲ್ಲುವುದಲ್ಲದೆ, ಕೊಟ್ಟ ಹಣವನ್ನೂ ಹಿಂದಕ್ಕೆ ಕೇಳಬಹುದು.

ಕೆಲಸ ಹುಡುಕಲು ಯುರೋಪಿಯನ್ ಒಕ್ಕೂಟದ ಬೇರೆ ದೇಶಕ್ಕೆ ಹೋಗುವವರು ನಿರ್ದಿಷ್ಟ ಷರತ್ತುಗಳ ಮೇಲೆ ಭತ್ಯೆಯನ್ನು 3 ತಿಂಗಳು ಅಲ್ಲಿ ಪಡೆಯಬಹುದು. ಇದನ್ನು 6 ತಿಂಗಳವರೆಗೆ ವಿಸ್ತರಿಸಲೂಬಹುದು. ಭಾರತಕ್ಕೆ ಹಿಂದಿರುಗಿ ನೆಲೆಸಿದವರಿಗೆ ಇಲ್ಲಿ ಭತ್ಯೆ ಕಳುಹಿಸುವ ಏರ್ಪಾಡು ಇಲ್ಲ.

ಇತರ ದೇಶಗಳೊಡನೆ ಹೋಲಿಕೆ

ಜರ್ಮನಿಯ ನಿಯಮ ಎಲ್ಲೆಡೆಯೂ ಇದೆ ಎಂದು ತಿಳಿಯಬಾರದು. ಅಮೆರಿಕದಲ್ಲಿ ಜೆ-1 ಅಥವಾ ಎಫ್-1 ವೀಸಾದ ಮೇಲಿರುವ, ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಗಳಾದ ಸಂಶೋಧಕರ ಸಂಬಳಕ್ಕೆ ಒಕ್ಕೂಟ ಸರ್ಕಾರದ ನಿರುದ್ಯೋಗ ತೆರಿಗೆಯೇ ಅನ್ವಯಿಸುವುದಿಲ್ಲ. ಎಚ್-1ಬಿ ವೀಸಾದವರ ಅನುಮತಿ ಒಬ್ಬ ಮಾಲೀಕನಿಗೆ ಸೀಮಿತವಾದದ್ದು. 2017ರಿಂದ ಅವರಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನಗಳ ಕಾಲಾವಕಾಶ ದೊರೆಯುತ್ತಿದೆ. ಆ ಅವಧಿಯಲ್ಲಿ ಬೇರೆ ಕೆಲಸ ಮಾಡುವ ಮುಕ್ತ ಅನುಮತಿ ಇಲ್ಲದ್ದರಿಂದ, 'ಕೆಲಸಕ್ಕೆ ಲಭ್ಯ' ಎಂಬ ಷರತ್ತನ್ನು ಪೂರೈಸುವುದು ಅವರಿಗೆ ಕಷ್ಟ.

ಭಾರತದಲ್ಲಿ ಇದಕ್ಕೆ ಹತ್ತಿರದ ಏರ್ಪಾಡೆಂದರೆ ನೌಕರರ ರಾಜ್ಯ ವಿಮೆಯದು. ಇ.ಎಸ್.ಐ. ನಿಗಮ 2005ರಲ್ಲಿ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯನ್ನು, 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯನ್ನು ಜಾರಿಗೆ ತಂದಿತು. ಎರಡನೆಯ ಯೋಜನೆಯಲ್ಲಿ ಪರಿಹಾರದ ದರವನ್ನು 2020ರಲ್ಲಿ ಸರಾಸರಿ ದಿನದ ವೇತನದ ಶೇ. 25ರಿಂದ ಶೇ. 50ಕ್ಕೆ ಏರಿಸಲಾಯಿತು. ಅವಧಿಯ ಮಿತಿ 90 ದಿನಗಳು. ಇ.ಎಸ್.ಐ. ವ್ಯಾಪ್ತಿಯೊಳಗೆ ಬರುವ ಕಾರ್ಮಿಕರಿಗಾಗಿ ರೂಪಿಸಿದ ಯೋಜನೆ ಇದು. ಕರಾರಿನ ಮೇಲಿರುವ ಸಂಶೋಧಕರಿಗೆ ಇಲ್ಲಿ ಅಂಥ ರಕ್ಷಣೆ ಸಾಮಾನ್ಯವಾಗಿ ಇಲ್ಲ. ಇಲ್ಲಿನ ಅನುಭವದಿಂದ ಅಲ್ಲಿನ ಹಕ್ಕನ್ನು ಅಳೆಯಲು ಹೋಗಿ ಅರ್ಜಿಯನ್ನೇ ಹಾಕದಿರುವವರು ನಷ್ಟ ಅನುಭವಿಸುವುದು ಇದರಿಂದಲೇ.

ಸಹಿ ಹಾಕುವ ಮೊದಲು ಗಮನಿಸಬೇಕಾದ ಅಂಶಗಳು

1. ಕೈಗೆ ಬಂದಿರುವುದು ಉದ್ಯೋಗ ಕರಾರೋ, ಶಿಷ್ಯವೇತನದ ಪತ್ರವೋ ಎಂದು ಬರಹದಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಎರಡರಲ್ಲಿ ಆಯ್ಕೆ ಇದ್ದರೆ ಕೈಗೆ ಬರುವ ಮೊತ್ತವನ್ನು ಮಾತ್ರ ಹೋಲಿಸದೆ ವಿಮೆಯ ಮೌಲ್ಯವನ್ನೂ ಸೇರಿಸಿ ಹೋಲಿಸಬೇಕು.

2. ಮೊದಲ ತಿಂಗಳ ಸಂಬಳದ ಚೀಟಿಯಲ್ಲಿ ನಿರುದ್ಯೋಗ ವಿಮೆಯ ಕಡಿತ ಇದೆಯೇ ನೋಡಬೇಕು. ಎಲ್ಲ ಚೀಟಿಗಳನ್ನೂ ಜೋಪಾನವಾಗಿ ಇಡಬೇಕು.

3. ಕರಾರಿನ ಅವಧಿ 12, 16, 20, 24 ತಿಂಗಳುಗಳ ಯಾವ ಹಂತಕ್ಕೆ ಬರುತ್ತದೆಂದು ಲೆಕ್ಕ ಹಾಕಬೇಕು. ಒಂದೆರಡು ತಿಂಗಳ ಕೊರತೆ ಇದ್ದರೆ ವಿಸ್ತರಣೆಗೆ ಮೊದಲೇ ಪ್ರಯತ್ನಿಸಬೇಕು.

4. ಕರಾರಿನ ಕೊನೆಯ ದಿನದಿಂದ 3 ತಿಂಗಳು ಹಿಂದಿನ ದಿನಾಂಕವನ್ನು ಸಹಿ ಹಾಕಿದ ದಿನವೇ ಗುರುತು ಮಾಡಿಟ್ಟುಕೊಳ್ಳಬೇಕು. ವಾಸದ ಪರವಾನಗಿಯ ಕೊನೆಯ ದಿನಾಂಕವನ್ನು ಅದರ ಪಕ್ಕದಲ್ಲಿಯೇ ಬರೆದಿಡಬೇಕು.

5. ಕರಾರು ಮುಗಿದಾಗ ಸಂಸ್ಥೆಯಿಂದ ಉದ್ಯೋಗ ಕಚೇರಿಗೆ ಹೋಗಬೇಕಾದ ಉದ್ಯೋಗ ಪ್ರಮಾಣಪತ್ರ ತಲುಪಿದೆಯೇ ಎಂದು ವಿಚಾರಿಸಬೇಕು.

6. ರಾಜೀನಾಮೆ ಕೊಡುವ ಮುನ್ನ ಅಥವಾ ಕರಾರನ್ನು ಮುರಿಯುವ ಮುನ್ನ ಉದ್ಯೋಗ ಕಚೇರಿಯ ಸಲಹೆ ಪಡೆಯಬೇಕು. ಈ ಸಲಹೆ ಉಚಿತ.

ನಿರುದ್ಯೋಗ ಭತ್ಯೆ ದಾನವಲ್ಲ. ನೌಕರನೂ ಸಂಸ್ಥೆಯೂ ತಿಂಗಳು ತಿಂಗಳು ಕಟ್ಟಿದ ವಂತಿಗೆಗೆ ಪ್ರತಿಯಾಗಿ ಬರುವ ಹಕ್ಕು. ಆದರೆ ಎಲ್ಲ ವಿಮೆಗಳಂತೆ ಇದೂ ದಾಖಲೆ ಇದ್ದವರಿಗೆ, ದಿನಾಂಕ ತಪ್ಪದವರಿಗೆ ಮಾತ್ರ ಒಲಿಯುತ್ತದೆ. ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿರುವ ಪೋಷಕರು ಸಂಬಳದ ಮೊತ್ತವನ್ನು ವಿಚಾರಿಸುವಾಗಲೇ ಕರಾರಿನ ಸ್ವರೂಪವನ್ನೂ ಅದರ ಕೊನೆಯ ದಿನಾಂಕವನ್ನೂ ವಿಚಾರಿಸಿದರೆ, ಮುಂದೆ ಬರಬಹುದಾದ ಇಕ್ಕಟ್ಟಿನಲ್ಲಿ ಒಂದು ವರ್ಷದವರೆಗಿನ ಆಸರೆಯನ್ನು ಮೊದಲೇ ಭದ್ರಪಡಿಸಿದಂತಾಗುತ್ತದೆ.